ಪೊಟರೆಯೊಳಗಿನ ದನಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ದಿವಸ ನಮಗೂ ಎರಡು ಮಾತಾಡಲು ಅಪ್ಪಣೆಯಾಗಿದೆ. ಷೇರು ಎಷ್ಟು, ಠೇವಣಿ ಎಷ್ಟು, ಸಾಲದ ಬಾಕಿ ಎಷ್ಟು ಎಂಬುದನ್ನೆಲ್ಲ ಕಾರ್ಯದರ್ಶಿಗಳು ಆಗಲೇ ವರದಿಯಲ್ಲಿ ಓದಿದ್ದಾರೆ. ಅಂಕಿ ಅಂಶದಲ್ಲಿ ನಾವು ಅವರ ಮುಂದೆ ನಿಲ್ಲಲಾರೆವು. ಮೇಷ್ಟರಾಗಿ ಕಳೆದ ಜೀವ ನಮ್ಮದು; ನಮಗೆ ಬರುವುದು ಕಥೆ ಹೇಳುವುದೊಂದೇ. ಆದ್ದರಿಂದ ಒಂದು ಹಳೇ ಕಥೆ ಹೇಳುತ್ತೇವೆ. ಇಬ್ಬರು ಕೂಡಿ ಗಳಿಸಿದ ದುಡ್ಡನ್ನು ಒಬ್ಬ ನುಂಗಲು ಹೋದ ಕಥೆ. ಸಂಘದ ಸಭೆಗೆ ಇದಕ್ಕಿಂತ ಒಪ್ಪುವ ಕಥೆ ನಮಗೆ ಹೊಳೆಯಲಿಲ್ಲ.

ಕನ್ನಡದಲ್ಲಿ ಈ ಕಥೆಯನ್ನು ಬರೆದವನು ದುರ್ಗಸಿಂಹ. ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದವನು. ಅಂದರೆ ಯಾವ ರಾಜನ ಸಂಗಡ ಯುದ್ಧ, ಯಾವ ರಾಜನ ಸಂಗಡ ಸಂಧಿ ಎಂಬ ವ್ಯವಹಾರ ನೋಡುವ ಮಂತ್ರಿ. ಅವನು ‘ಪಂಚತಂತ್ರ’ವನ್ನು ಬರೆದದ್ದು ಕ್ರಿ.ಶ. 1031ರ ಸುಮಾರಿಗೆ. ಸಾವಿರ ವರ್ಷಕ್ಕೆ ಹತ್ತಿರವಾಯಿತು. ಸಂಸ್ಕೃತದಲ್ಲಿ ವಿಷ್ಣುಶರ್ಮನ ಪಂಚತಂತ್ರ ಹೆಸರಾದದ್ದು. ದುರ್ಗಸಿಂಹ ಹಿಡಿದದ್ದು ವಸುಭಾಗಭಟ್ಟನ ದಾರಿಯನ್ನು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂದು ಐದು ಭಾಗ. ನೋಡಿ, ಈ ಐದೂ ಹೆಸರು ಯಾವ ಸಂಘದ ಬಾಗಿಲಿಗೆ ಬರೆದರೂ ಒಪ್ಪುತ್ತವೆ!

ಈತ ದೂರದವನೇನಲ್ಲ. ಅವನ ಊರು ಕಿಸುಕಾಡು ನಾಡಿನ ಸಯ್ಯಡಿ. ರೋಣ ತಾಲೂಕಿನ ಸವಡಿಯೇ ಅದು ಎನ್ನುತ್ತಾರೆ. ತುಂಗಭದ್ರೆ ದಾಟಿ ಗದಗಿನ ಕಡೆ ಹೋದರೆ ಸಿಗುವ ಸೀಮೆ. ನಮ್ಮ ಸೀಮೆಯೂ ಆಗ ಚಾಲುಕ್ಯರ ಕೈಯಲ್ಲೇ ಇತ್ತು. ಹಗರಿಬೊಮ್ಮನಹಳ್ಳಿ ತಾಲೂಕಿನ ಕೋಗಳಿಯನ್ನು ನೀವು ಬಲ್ಲಿರಿ. ಅಂದಿನ ಕೋಗಳಿ-500 ಎಂಬ ನಾಡಿಗೆ ಹೆಸರು ಕೊಟ್ಟ ಊರು ಅದು. ದುರ್ಗಸಿಂಹ ಕಥೆ ಬರೆಯುತ್ತಿದ್ದಾಗ ನಮ್ಮ ಹಿರೇರು ಅದೇ ದೊರೆಗೆ ಕಂದಾಯ ಕಟ್ಟುತ್ತಿದ್ದರು ಅಂದುಕೊಳ್ಳಿ.

ಈಗ ಕಥೆಗೆ ಬರೋಣ.

ಧರ್ಮಬುದ್ಧಿ, ದುಷ್ಟಬುದ್ಧಿ ಎಂದು ಇಬ್ಬರು ಶೆಟ್ಟರ ಮಕ್ಕಳು. ಇಬ್ಬರೂ ಕೂಡಿ ಪರದೇಶಕ್ಕೆ ಹೋಗಿ ವ್ಯಾಪಾರ ಮಾಡಿ ಬೇಕಾದಷ್ಟು ಹೊನ್ನು ಗಳಿಸಿದರು. ತಿರುಗಿ ಬಂದು ಊರ ಹೊರಗಿನ ತೋಪಿನಲ್ಲಿ ಇಳಿದರು. ನಡುರಾತ್ರಿ ಧರ್ಮಬುದ್ಧಿ, “ಪಾಲು ಮಾಡಿಕೊಂಡು ಮನೆಗೆ ಹೋಗೋಣ” ಅಂದ. ದುಷ್ಟಬುದ್ಧಿಯ ಲೆಕ್ಕ ಬೇರೆ. “ಪಾಲು ಯಾಕೆ? ನಾವೇನು ಬೇರೆಯಾಗುವವರೇ? ಖರ್ಚಿಗೆ ಬೇಕಾದಷ್ಟು ತಗೊಳ್ಳೋಣ, ಉಳಿದದ್ದನ್ನು ಇಲ್ಲೇ ಆಲದ ಮರದ ಬುಡಕ್ಕೆ ಹೂತಿಡೋಣ” ಅಂದ. ಸ್ನೇಹದ ಮಾತು, ಕೇಳಲು ಚೆಂದ. ಧರ್ಮಬುದ್ಧಿ ಒಪ್ಪಿದ. ಹೂತರು, ಹೋದರು.

ಮತ್ತೊಂದು ರಾತ್ರಿ ದುಷ್ಟಬುದ್ಧಿ ಒಬ್ಬನೇ ಬಂದು ಹೊನ್ನನ್ನೆಲ್ಲ ಅಗೆದುಕೊಂಡು, ಕುಣಿ ಮುಚ್ಚಿ, ಏನೂ ತಿಳಿಯದವನ ಹಾಗೆ ಇದ್ದುಬಿಟ್ಟ. ಕೆಲವು ದಿವಸಕ್ಕೆ ತಾನೇ ಗೆಳೆಯನ ಮನೆಗೆ ಹೋಗಿ, “ಖರ್ಚಿಗೆ ಇಲ್ಲ ಮಾರಾಯ, ಒಂದಿಷ್ಟು ತರೋಣ ಬಾ” ಎಂದು ಕರೆದ. ಅಗೆದರೆ ಬರೀ ಮಣ್ಣು. ಆಗ ಮೊದಲು ಬಾಯಿ ಮಾಡಿದವನು ಯಾರು? ಕದ್ದವನೇ! “ನೀನೇ ಒಯ್ದಿದ್ದೀಯ” ಎಂದು ಧರ್ಮಬುದ್ಧಿಯ ಮೇಲೆ ಬಿದ್ದ. ಇಬ್ಬರೂ ನ್ಯಾಯಕ್ಕೆ ಹೋದರು. ಧರ್ಮಾಧಿಕಾರಿಗಳು ಸಾಕ್ಷಿ ಕೇಳಿದರು. ಅಲ್ಲಿದ್ದವರು ತಾವಿಬ್ಬರೇ, ಮೂರನೆಯದು ಆ ಆಲದ ಮರ. “ಮರವೇ ನನ್ನ ಸಾಕ್ಷಿ, ನಾಳೆ ಬಂದು ಕೇಳಿ” ಎಂದ ದುಷ್ಟಬುದ್ಧಿ.

ಆ ರಾತ್ರಿ ಅವನು ತಂದೆಯ ಕೈ ಹಿಡಿದ. ತಂದೆಯ ಹೆಸರು ಪ್ರೇಮಮತಿ. ಆ ಮರಕ್ಕೆ ದೊಡ್ಡ ಪೊಟರೆ ಇತ್ತು. “ನೀನು ಒಳಗೆ ಕೂತು, ‘ಧರ್ಮಬುದ್ಧಿಯೇ ಒಯ್ದ’ ಎಂದು ಒಂದು ಮಾತು ಹೇಳಿದರೆ ಸಾಕು, ಹೊನ್ನು ನಮ್ಮದಾಗುತ್ತದೆ” ಎಂದ. ಮುದುಕ ಬೈದ. ಪರರ ದುಡ್ಡು ಬೇಡ, ನಿನ್ನ ಈ ಬುದ್ಧಿ ನಮ್ಮ ಮನೆತನವನ್ನೇ ಮುಳುಗಿಸುತ್ತದೆ ಎಂದು ಬುದ್ಧಿ ಹೇಳಿದ. ಹೇಳಿ... ಹೋಗಿ ಪೊಟರೆಯಲ್ಲಿ ಕೂತ.

ಬೆಳಗಾಯಿತು. ಊರು ಕೂಡಿತು. ಧರ್ಮಾಧಿಕಾರಿಗಳು ಮರವನ್ನು ಪೂಜೆ ಮಾಡಿ, ಕೈ ಮುಗಿದು, ನಿಜ ಹೇಳಬೇಕೆಂದು ಕೇಳಿದರು. ಮರದಿಂದ ದನಿ ಬಂತು. ಧರ್ಮಬುದ್ಧಿಯೇ ಒಯ್ದನೆಂದಿತು ಆ ದನಿ. ಕೂಡಿದವರೆಲ್ಲ ಬೆರಗಾದರು. ಧರ್ಮಬುದ್ಧಿ ಮಾತ್ರ ಯೋಚನೆಗೆ ಬಿದ್ದ. ಮರದಲ್ಲಿ ದೇವರಿದ್ದರೆ ಸುಳ್ಳು ಹೇಳದು. ಸುಳ್ಳು ಹೇಳಿತು ಅಂದರೆ ಒಳಗಿರುವುದು ದೇವರಲ್ಲ. ಮರವನ್ನು ಸುತ್ತು ಹಾಕಿದ. ಪೊಟರೆ ಕಂಡ, ಮನುಷ್ಯ ಹತ್ತಿ ಇಳಿದ ಗುರುತು ಕಂಡ. ಆಗ, “ಹೌದು, ಹೊನ್ನು ಒಯ್ದವನು ನಾನೇ. ಈ ಪೊಟರೆಯಲ್ಲೇ ಇಟ್ಟೆ. ಆದರೆ ಒಳಗೆ ಹಾವು ಸೇರಿದೆ, ಹೊಗೆ ಹಾಕಿ ಓಡಿಸಿ ತೆಗೆದುಕೊಡುತ್ತೇನೆ” ಎಂದು ಹುಲ್ಲು ತುಂಬಿ ಬೆಂಕಿ ಹಚ್ಚಿದ. ಒಳಗಿನ ಮುದುಕ ಉಸಿರು ಕಟ್ಟಿ, ಗೋಳಾಡಿ, ಪ್ರಾಣ ಬಿಟ್ಟ. ಕಪಟ ಹೊರಬಿತ್ತು. ದುಷ್ಟಬುದ್ಧಿಗೆ ಶಿಕ್ಷೆಯಾಯಿತು.

ಕಥೆ ಇಷ್ಟೇ. ಇದು ಬಹಳ ತಿರುಗಾಡಿದ ಕಥೆ. ಪಂಚತಂತ್ರ 6ನೇ ಶತಮಾನದಲ್ಲೇ ಇರಾನಿನ ದೊರೆ ಅನುಶೀರ್ವಾನನ ಕಾಲಕ್ಕೆ ಪಹ್ಲವಿ ಭಾಷೆಗೆ ಹೋಯಿತು, 8ನೇ ಶತಮಾನದಲ್ಲಿ ಅರಬ್ಬಿಗೆ ಬಂತು, ಅಲ್ಲಿಂದ ಯುರೋಪಿನವರ ಕೈ ಸೇರಿತು. ನಮ್ಮ ರಾಜ್ಯದ ಹತ್ತನೇ ತರಗತಿ ಪುಸ್ತಕದಲ್ಲೂ ‘ವೃಕ್ಷಸಾಕ್ಷಿ’ ಎಂಬ ಪಾಠವಾಗಿ ಬಂದಿದೆ. ಮಕ್ಕಳನ್ನು ಕೇಳಿ ನೋಡಿ, “ಕಳ್ಳನಿಗೆ ಶಿಕ್ಷೆಯಾಯಿತು” ಅನ್ನುತ್ತಾರೆ. ನಾವೂ ಎಷ್ಟೋ ವರ್ಷ ಹಾಗೇ ಪಾಠ ಮಾಡಿದೆವು. ಈಗ ವಯಸ್ಸಾದ ಮೇಲೆ ಓದಿದರೆ ನಮ್ಮ ಕಣ್ಣು ದುಷ್ಟಬುದ್ಧಿಯ ಮೇಲೆ ನಿಲ್ಲುವುದಿಲ್ಲ. ಅವನೇನು, ಹೆಸರಿನಲ್ಲೇ ತಿಳಿಯುತ್ತದೆ. ಅಂಥವನಿಗೆ ಸಾಲ ಕೊಡುವ ಮುಂಚೆ ಯಾವ ಸಂಘವೂ ಎರಡು ಸಲ ಯೋಚಿಸುತ್ತದೆ. ನಮ್ಮನ್ನು ಕಾಡುವವನು ಆ ಮುದುಕ.

ಅವನ ಹೆಸರು ನೋಡಿ: ಪ್ರೇಮಮತಿ. ಪ್ರೇಮವೇ ಬುದ್ಧಿಯಾದವನು. ಕವಿ ಅವನಿಗೆ ಕೆಟ್ಟ ಹೆಸರು ಇಡಲಿಲ್ಲ. ತಪ್ಪು ಯಾವುದು ಎಂದು ಅವನಿಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿಯೂ ಇದ್ದ. ಆಸೆಬುರುಕ ಮಗನೇ ಹೊರತು ಅವನಲ್ಲ. ಆದರೂ ಪೊಟರೆಗೆ ಹೋದ. ನಮ್ಮವನಲ್ಲವೇ, ಒಂದು ಮಾತಲ್ಲವೇ, ಒಂದು ರಾತ್ರಿ ಅಲ್ಲವೇ ಎಂದು. ಆಸೆಯೊಂದೇ ಇದ್ದರೆ ಹೊನ್ನು ಕದಿಯಬಹುದು. ನ್ಯಾಯ ಗೆಲ್ಲಲು ಆಗುವುದಿಲ್ಲ. ಅದಕ್ಕೆ ಊರು ಕೈ ಮುಗಿಯುವ ಒಂದು ಮರ ಬೇಕು, ಮರದೊಳಗೆ ಒಬ್ಬ ಹಿರಿಯನ ದನಿ ಬೇಕು. ಕಪಟಿ ಎಂದರೆ ಹಣೆಗೆ ವಿಭೂತಿ ಬಳಿದುಕೊಂಡ ಕಳ್ಳ ಎಂದು ನಾವೆಲ್ಲ ತಿಳಿದಿದ್ದೇವೆ. ಈ ಕಥೆಯ ಕಪಟಿ ಹಾಗಲ್ಲ. ಅವನು ಒಳ್ಳೆಯವನು. ತನ್ನ ಒಳ್ಳೆಯತನವನ್ನು ಮಗನಿಗೆ ಕೈಗಡ ಕೊಟ್ಟವನು.

ಹೊಗೆ ಹೋದದ್ದೂ ಎಲ್ಲಿಗೆ? ಹೊನ್ನು ಇದ್ದ ಕಡೆಗಲ್ಲ, ದನಿ ಬಂದ ಕಡೆಗೆ. ಧರ್ಮಬುದ್ಧಿ ಮಾಡಿದ್ದನ್ನು ನಾವು ಇವತ್ತು ಲೆಕ್ಕ ಪರಿಶೋಧನೆ ಅನ್ನುತ್ತೇವೆ. ಹೇಳಿಕೆಯನ್ನು ನಂಬದೆ ಮರ ಸುತ್ತಿ ನೋಡುವುದು. ಲೆಕ್ಕ ನೋಡಲು ಬಂದವರು ಒಂದು ಹಳೇ ರಸೀದಿ ಕೇಳಿದರೆ, “ಏನ್ರೀ, ನಮ್ಮ ಮೇಲೆ ನಂಬಿಕೆ ಇಲ್ಲವಾ” ಎಂದು ಮುಖ ಊದಿಸಿಕೊಳ್ಳುವ ಪದಾಧಿಕಾರಿಗಳನ್ನು ನಾವು ಬೇಕಾದಷ್ಟು ಊರುಗಳಲ್ಲಿ ಕಂಡಿದ್ದೇವೆ. ಪೊಟರೆ ಖಾಲಿ ಇದ್ದರೆ ಹೊಗೆಗೆ ಯಾಕೆ ಹೆದರಬೇಕು?

ಧರ್ಮಬುದ್ಧಿಯನ್ನೂ ನಾವು ಪೂರಾ ಬಿಡುವುದಿಲ್ಲ. ಅಷ್ಟು ಹೊನ್ನನ್ನು ಪಾಲೂ ಮಾಡದೆ, ಚೀಟಿಯೂ ಬರೆಯದೆ, ಮೂರನೆಯವನೊಬ್ಬನಿಗೆ ತಿಳಿಸದೆ, ಕತ್ತಲಲ್ಲಿ ಹೂಳಲು ಒಪ್ಪಿದವನು ಅವನೇ. ಸ್ನೇಹದಲ್ಲಿ ಲೆಕ್ಕ ಕೇಳಬಾರದು ಎಂಬ ಸಂಕೋಚ. ಆ ಧರ್ಮಾಧಿಕಾರಿಗಳದ್ದೂ ಅಷ್ಟೇ. ಮರಕ್ಕೆ ಕೈ ಮುಗಿದರು, ಬಗ್ಗಿ ನೋಡಲಿಲ್ಲ. ನಮ್ಮ ಸೀಮೆಯ ಶಾಸನಗಳನ್ನು ನೋಡಿ. ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಎಂದು ಕೊನೆಗೆ ಶಾಪ ಕೊರೆಸಿರುತ್ತಾರೆ. ಒಂದೆರಡು ಕಡೆ ಅಲ್ಲ, ನೂರಾರು ಕಡೆ. ಅಷ್ಟು ಸಲ ಶಾಪ ಹಾಕಬೇಕಾಯಿತು ಅಂದರೆ ಅಷ್ಟು ಸಲ ಯಾರೋ ಕಿತ್ತುಕೊಳ್ಳುತ್ತಿದ್ದರು ಅಂತಲೇ ಅರ್ಥ.

ಶಾಪ ಸಾಲದು ಎಂದು ತಿಳಿದವರು ಸಹಕಾರ ಸಂಘ ಕಟ್ಟಿದವರು. ದುರ್ಗಸಿಂಹನ ಊರಿದ್ದ ಅದೇ ಗದಗ ಜಿಲ್ಲೆಯಲ್ಲಿ ಕಣಗಿನಹಾಳ ಎಂಬ ಹಳ್ಳಿ ಇದೆ. ಅಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘಕ್ಕೆ ದೇಶದ ಮೊದಲ ಸಂಘ ಎಂಬ ಹೆಸರಿದೆ. ಅದಕ್ಕೆ ಹಿಂದಿನ ವರ್ಷ, 1904ರಲ್ಲಿ, ಪತ್ತಿನ ಸಂಘಗಳ ಕಾಯಿದೆ ಬಂದಿತ್ತು. ನಮ್ಮ ಬಳ್ಳಾರಿ ಸೀಮೆ ಆಗ ಮದರಾಸು ಆಧಿಪತ್ಯದಲ್ಲಿತ್ತು. ಆ ಮದರಾಸು ಸರ್ಕಾರವೇ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯಿಂದ 1895 ಮತ್ತು 1897ರಲ್ಲಿ ಎರಡು ಸಂಪುಟ ವರದಿ ಬರೆಸಿತ್ತು. ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಗರಿಂದಲೇ ಕಟ್ಟಿಸಿದ ಸಂಘಗಳು ನಮ್ಮಲ್ಲೂ ಆಗಬೇಕು ಎಂಬುದು ಆ ವರದಿಯ ತಿರುಳು.

ಆ ಮೊದಲ ಹಳ್ಳಿ ಸಂಘಗಳ ಒಂದು ಕಟ್ಟಳೆ ಈಗಿನವರಿಗೆ ಕೇಳಿದರೆ ಭಯವಾಗುತ್ತದೆ. ಸದಸ್ಯರ ಹೊಣೆಗೆ ಮಿತಿಯೇ ಇಲ್ಲ. ಒಬ್ಬ ಸಾಲ ಮುಳುಗಿಸಿ ಸಂಘ ಬಿದ್ದರೆ ಉಳಿದವರ ಹೊಲ, ಮನೆ, ಎತ್ತು ಎಲ್ಲವೂ ಅದಕ್ಕೆ ಹೊಣೆ. ಷೇರಿನ ದುಡ್ಡು ಹೋದರೆ ಹೋಯಿತು ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಅದರಿಂದ ಏನಾಯಿತು? ಪಕ್ಕದ ಮನೆಯವನು ಎತ್ತು ಕೊಳ್ಳಲೆಂದು ಸಾಲ ತಂದು ಜಾತ್ರೆ ಮಾಡಿದರೆ ಇವನೇ ಹೋಗಿ, “ಎತ್ತು ಎಲ್ಲಪ್ಪಾ?” ಎಂದು ಕೇಳಬೇಕಾಯಿತು. ಎಲ್ಲರೂ ಮರ ಸುತ್ತುವವರೇ. ಈಗ ಹೊಣೆಗೆ ಮಿತಿ ಬಂದಿದೆ, ಅದು ಒಳ್ಳೆಯದೇ. ಆದರೆ ಕೇಳುವ ಅಭ್ಯಾಸವೂ ಅದರ ಜೊತೆಗೇ ಹೋಯಿತೇನೋ ಎಂದು ನಮಗೆ ಅನುಮಾನ. ವಾರ್ಷಿಕ ಮಹಾಸಭೆಯಲ್ಲಿ ಅಢಾವೆ ಪತ್ರಿಕೆ ಓದುವಾಗ ನಮ್ಮ ಕಿವಿ ಎಲ್ಲಿರುತ್ತದೆ? ಅಡುಗೆ ಒಲೆಯ ಕಡೆ. “ಒಪ್ಪಿಗೆಯೇ?” ಎಂದರೆ ಕೈ ಎತ್ತುತ್ತೇವೆ. ಸುಳ್ಳು ಹೇಳುತ್ತಿದ್ದೇವೆ ಎಂದು ನಮಗೆ ಅನ್ನಿಸುವುದೂ ಇಲ್ಲ.

ಪಂಚತಂತ್ರದಲ್ಲಿ ಇನ್ನೊಂದು ಕಥೆ ಇದೆ, ಅದಕ್ಕೆ ಜನ ಬಹಳ ನಗುತ್ತಾರೆ. ಒಬ್ಬ ತನ್ನ ಕಬ್ಬಿಣದ ತಕ್ಕಡಿಯನ್ನು ಶೆಟ್ಟಿಯ ಹತ್ತಿರ ಇಟ್ಟು ಪರದೇಶಕ್ಕೆ ಹೋಗಿ ಬಂದರೆ, ಶೆಟ್ಟಿ “ಇಲಿ ತಿಂದವು” ಅಂದ. ಇವನೂ ಶೆಟ್ಟಿಯ ಮಗನನ್ನು ಸ್ನಾನಕ್ಕೆ ಕರೆದೊಯ್ದು ಅಡಗಿಸಿಟ್ಟು “ಗಿಡುಗ ಎತ್ತಿಕೊಂಡು ಹೋಯಿತು” ಅಂದ. ತಕ್ಕಡಿ ಬಂತು, ಮಗನೂ ಬಂದ. ಅಳತೆಗೆ ಅಳತೆ, ಯಾರೂ ಸಾಯಲಿಲ್ಲ. ಅಲ್ಲಿ ಇಬ್ಬರ ನಡುವಿನ ವ್ಯವಹಾರ, ಹಾಗಾಗಿ ನಗು. ಮರದ ಕಥೆಯಲ್ಲಿ ಊರಿನ ನಂಬಿಕೆಯನ್ನೇ ಸಾಕ್ಷಿಗೆ ಎಳೆದರು. ಅಲ್ಲಿ ನಗು ಬರುವುದಿಲ್ಲ.

ಇಂಗ್ಲೆಂಡಿನ ಚಾಸರ್ ಎಂಬ ಕವಿ, 1400ರಲ್ಲಿ ತೀರಿಕೊಂಡವನು, ಇಂಥದ್ದೇ ಒಂದು ಕಥೆ ಬರೆದಿದ್ದಾನೆ. ಅಲ್ಲೂ ಮರದ ಬುಡದಲ್ಲಿ ಹೊನ್ನು. ಮೂವರು ಪುಂಡರಿಗೆ ಸಿಗುತ್ತದೆ. ಒಬ್ಬನನ್ನು ಊಟ ತರಲು ಊರಿಗೆ ಕಳಿಸಿ, ಉಳಿದಿಬ್ಬರು ಅವನು ಬಂದ ಕೂಡಲೇ ಕೊಲ್ಲುವ ಸಂಚು ಮಾಡುತ್ತಾರೆ. ಹೋದವನು ಕುಡಿಯುವುದರಲ್ಲಿ ವಿಷ ಬೆರೆಸಿ ತರುತ್ತಾನೆ. ಅವನನ್ನು ಕೊಂದು ಇವರು ಕುಡಿದರು. ಮೂವರೂ ಹೋದರು, ಹೊನ್ನು ಮರದ ಬುಡದಲ್ಲೇ ಉಳಿಯಿತು. ಇದು ಮೂಲತಃ ನಮ್ಮ ದೇಶದ್ದೇ. ಬೌದ್ಧರ ವೇದಬ್ಭ ಜಾತಕದಲ್ಲಿ ಇದೇ ಸಂಚು, ಇದೇ ವಿಷದ ಅನ್ನ ಇದೆ. ಚಾಸರನ ಹೆಚ್ಚಳ ಯಾವುದು ಅಂದರೆ, ಅವನು ಈ ಕಥೆಯನ್ನು ಯಾರ ಬಾಯಲ್ಲಿ ಹೇಳಿಸಿದ ಎಂಬುದು. ದುಡ್ಡು ತಗೊಂಡು ಪಾಪಕ್ಕೆ ಕ್ಷಮಾಪತ್ರ ಮಾರುವವನೊಬ್ಬನ ಬಾಯಲ್ಲಿ! ಹಂದಿಯ ಎಲುಬನ್ನು ಸಂತರ ಎಲುಬು ಎಂದು ತೋರಿಸಿ ಬಡವರಿಂದ ಕಾಸು ಕೀಳುವವನು. ದುರಾಸೆಯೇ ಎಲ್ಲ ಪಾಪಕ್ಕೂ ಬೇರು ಎಂದು ಉಪದೇಶ ಮಾಡಿ, ಕೊನೆಗೆ ಜನರ ಮುಂದೆ ಕೈ ಚಾಚುತ್ತಾನೆ.

ಅದನ್ನು ಓದಿದಾಗಿನಿಂದ ನಮಗೆ ವೇದಿಕೆ ಹತ್ತಿ ಇಂಥ ಕಥೆ ಹೇಳಲು ಸ್ವಲ್ಪ ಅಳುಕು. ಹೇಳುವವನ ಕೈ ಎಷ್ಟು ಸ್ವಚ್ಛ ಎಂದು ಕೇಳುವ ಹಕ್ಕು ನಿಮಗಿದೆ. ಆದ್ದರಿಂದ ನಮ್ಮದೂ ಒಂದನ್ನು ಹೇಳಿಬಿಡುತ್ತೇವೆ.

ಬಹಳ ವರ್ಷದ ಹಿಂದಿನ ಮಾತು. ಬೇರೆ ಊರು, ಬೇರೆ ಸಂಘ, ಹೆಸರು ಬೇಡ. ನಮ್ಮ ಅಕ್ಕನ ಮಗ ಪಂಪಿಗೂ ಪೈಪಿಗೂ ಎಂದು ಸಾಲದ ಅರ್ಜಿ ಹಾಕಿದ್ದ. ಅವನ ಬೋರಿನಲ್ಲಿ ನೀರು ಬಿದ್ದಿರಲಿಲ್ಲ. ದುಡ್ಡು ಬೇಕಾಗಿದ್ದದ್ದು ಕೈಸಾಲ ತೀರಿಸಲು. ನಮಗೆ ಗೊತ್ತಿತ್ತು, ಅವನಿಗೆ ಬೈದೂ ಇದ್ದೆವು. ಹಿಂದಿನ ರಾತ್ರಿ ಅಕ್ಕ ನಮ್ಮ ಪಡಸಾಲೆಯಲ್ಲಿ ಕೂತು ಅತ್ತಳು. ಬೆಳಗ್ಗೆ ಹೋಗಿ ಜಾಮೀನಿಗೆ ಸಹಿ ಹಾಕಿದೆವು. ಒಬ್ಬ ನಿರ್ದೇಶಕರು ಕೇಳಿದರು: “ಮೇಷ್ಟ್ರೇ, ಬೋರಿನಾಗೆ ನೀರು ಐತೇನು?” “ಐತೆ, ನಾವೇ ನೋಡೀವಿ” ಅಂದೆವು. ಅವರು ಮತ್ತೆ ಕೇಳಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಹೊಲಕ್ಕೆ ಹೋಗಿ ನೋಡುವವರೂ ಹೋಗಲಿಲ್ಲ.

ಸಾಲ ಸುಸ್ತಿಯಾಯಿತು. ಹೊಗೆ ನಮ್ಮ ಪೊಟರೆಗೂ ಬಂತು. ಮೂರು ವರ್ಷ ನಮ್ಮ ಸಂಬಳದಲ್ಲಿ ಹಿಡಿದುಕೊಂಡರು. ಅದು ದೊಡ್ಡದಲ್ಲ, ತಕ್ಕದ್ದೇ. ದೊಡ್ಡದು ಬೇರೆ ಇದೆ. ಆ ವರ್ಷ ಆ ಸಂಘದಲ್ಲಿ ನಮ್ಮ ಹುಡುಗನಂಥವರು ಇನ್ನೂ ಕೆಲವರಿದ್ದರು, ಕೈಯಲ್ಲಿ ನಗದು ಇರಲಿಲ್ಲ. ಒಂದು ದಿವಸ ನಾವು ನೋಟೀಸಿನ ವಿಚಾರಕ್ಕೆ ಅಲ್ಲಿ ಹೋಗಿದ್ದಾಗ ಒಬ್ಬ ತಾಯಿ ಬಾಗಿಲಲ್ಲಿ ಕೂತಿದ್ದಳು. ಕೂಲಿ ಮಾಡಿ, ಕಡಲೆಕಾಯಿ ಬಿಡಿಸಿ ಕೂಡಿಟ್ಟ ಠೇವಣಿ. ಮಗಳ ಮದುವೆಗೆ ಬೇಕಾಗಿತ್ತು. “ವಸೂಲಿ ಬರಲಿ, ಆಮೇಲೆ ಬಾರಮ್ಮ” ಎಂದು ಎರಡು ಸಲ ತಿರುಗಿ ಕಳಿಸಿದ್ದರಂತೆ. ನಮ್ಮನ್ನು ಕಂಡು ಎದ್ದು ನಿಂತು, “ಮೇಷ್ಟ್ರೇ, ನಿಮ್ಮಂಥೋರು ಒಂದು ಮಾತು ಹೇಳಿದ್ರೆ ಕೇಳ್ತಾರ್ರೀ” ಅಂದಳು.

ಹೌದಲ್ಲ, ನಮ್ಮ ಮಾತು ಕೇಳುತ್ತಾರೆ. ಕೇಳಿದ್ದರಿಂದಲೇ ಅವಳು ಅಲ್ಲಿ ಕೂತಿದ್ದಳು.

ನಾವು ಒಳಗೆ ಹೋಗಿ ಹೇಳಿದೆವು. ಇನ್ನೊಂದು ತಿಂಗಳಿಗೆ ಹೇಗೋ ಹೊಂದಿಸಿ ಅವಳ ದುಡ್ಡು ಕೊಟ್ಟರು. ಮದುವೆಗೆ ನಮ್ಮನ್ನೂ ಕರೆದಿದ್ದಳು, ಹೋಗಿದ್ದೆವು. ಪಂಕ್ತಿಯಲ್ಲಿ ಕೂತಾಗ ತಾನೇ ಬಂದು ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿ, “ಮೇಷ್ಟ್ರ ಮಾತಿನಿಂದ ನನ್ನ ದುಡ್ಡು ಬಂತು” ಎಂದು ಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದಳು. ನಾವು ತಲೆ ಎತ್ತಲಿಲ್ಲ. ಬೋರಿನ ಸಂಗತಿ ಆ ಪಂಕ್ತಿಯಲ್ಲಿ ಹೇಳಲಿಲ್ಲ, ಆಮೇಲೂ ಆಕೆಗೆ ಹೇಳಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳಿದ್ದೇವೆ.

ಊಟಕ್ಕೆ ಎಲೆ ಹಾಕುತ್ತಿದ್ದಾರೆ, ಮಕ್ಕಳು ಆಗಲೇ ಎದ್ದಿದ್ದಾರೆ.